ಐತ್ರೀ ಜೊತೆಗೆ ಎಕ್ಸ್‌ಎಫ್‌ಸಿಇ ಸೇವೆಗಳೂ ಬೇಕು

ಲಿನಕ್ಸ್‌ನಲ್ಲಿ ಐತ್ರೀಯಂಥ (i3) ಹಗುರ ವಿಂಡೋ ಮ್ಯಾನೇಜರ್, ಅಂದ್ರೆ ತೆರೆಯ ಮೇಲೆ ಕಿಟಕಿಗಳನ್ನು ಜೋಡಿಸೋ ತಂತ್ರಾಂಶ, ಹಾಕಿದ ಮೇಲೆ ಎಕ್ಸ್‌ಎಫ್‌ಸಿಇಯಂಥ (Xfce) ಪೂರ್ತಿ ಡೆಸ್ಕ್‌ಟಾಪ್‌ನ ಹಿನ್ನೆಲೆ ಸೇವೆಗಳೆಲ್ಲ ಸುಮ್ನೆ ಭಾರ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ.

ಕಲಬುರಗಿಯಲ್ಲಿ ನನ್ನದು 4 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್. ಅದಕ್ಕೇ ಐತ್ರೀ ಹಾಕಿಕೊಂಡೆ. ವೇಗವೇನೋ ಬಂತು, ಆದರೆ ಅಕ್ಷರಗಳು ಎಷ್ಟು ಸಣ್ಣಗಾದವು ಅಂದ್ರೆ ಕನ್ನಡದ ಒತ್ತಕ್ಷರ ಓದೋಕೇ ಆಗ್ತಿರಲಿಲ್ಲ. ಮೇ ತಿಂಗಳ ಬಿಸಿಲಲ್ಲಿ ಒಂದು ಮಧ್ಯಾಹ್ನ ಕರೆಂಟ್ ಹೋಯಿತು, ಬ್ಯಾಟರಿ ಮುಗಿಯುತ್ತಿದೆ ಅಂತ ಒಂದು ಸೂಚನೆಯೂ ಬರದೆ ಮಷಿನ್ ಆಫ್ ಆಯಿತು, ಎರಡು ಗಂಟೆ ಕೂತು ಟೈಪ್ ಮಾಡಿದ್ದೆಲ್ಲ ಹೋಯಿತು.

ಐತ್ರೀ ಕಿಟಕಿಗಳನ್ನು ಮಾತ್ರ ಜೋಡಿಸುತ್ತದೆ, ಉಳಿದದ್ದನ್ನು ನಾವೇ ಶುರು ಮಾಡಬೇಕು. ಅದರ ಕಾನ್ಫಿಗ್ ಫೈಲಿನಲ್ಲಿ ಎಕ್ಸೆಕ್ (exec) ಸಾಲು, ಅಂದ್ರೆ ಐತ್ರೀ ಶುರುವಾದಾಗ ಯಾವ ಪ್ರೋಗ್ರಾಂ ಓಡಬೇಕು ಅನ್ನೋ ಸಾಲು, ಬರೆದು ಎಕ್ಸ್‌ಎಫ್‌ಸಿಇಯ ಸೆಟ್ಟಿಂಗ್ ಸೇವೆಯಾದ ಎಕ್ಸ್‌ಎಫ್‌ಸೆಟ್ಟಿಂಗ್ಸ್‌ಡಿ (xfsettingsd) ಓಡಿಸಿದರೆ ಥೀಮು, ಫಾಂಟು, ಟಚ್‌ಪ್ಯಾಡು ಎಲ್ಲಾ ಸರಿಹೋಗುತ್ತವೆ. ಬ್ಯಾಟರಿ ಸೂಚನೆಗೆ ಎಕ್ಸ್‌ಎಫ್‌ಸಿಇಯ ಪವರ್ ಮ್ಯಾನೇಜರ್. ಅಡ್ಮಿನ್ ಅನುಮತಿ ಬೇಕಾದಾಗ ಪಾಸ್‌ವರ್ಡ್ ಕೇಳೋ ಪೋಲ್‌ಕಿಟ್ ಏಜೆಂಟ್ ಅಂತೂ ಮರೆಯಲೇಬೇಡಿ. ಅದಿಲ್ಲದಿದ್ದರೆ ಒಳಗಿನ ಇನ್ನೊಂದು ಡಿಸ್ಕ್ ಮೌಂಟ್ ಮಾಡಲು ಹೋದಾಗ ಪಾಸ್‌ವರ್ಡ್ ಕೇಳೋ ಕಿಟಕಿಯೇ ಬರುವುದಿಲ್ಲ, ಅನುಮತಿ ಇಲ್ಲ ಅಂತ ನಿಂತುಬಿಡುತ್ತದೆ. ಇಂಥ ಏಜೆಂಟ್‌ಗಳಲ್ಲಿ ಎಲ್‌ಎಕ್ಸ್‌ಪೋಲ್‌ಕಿಟ್ (lxpolkit) ಚಿಕ್ಕದು, ಸಾಕು.

ಆದರೆ ನೋಟಿಫಿಕೇಶನ್ ತೋರಿಸೋಕೆ ಡನ್‌ಸ್ಟ್ (dunst) ಅನ್ನೋ ಚಿಕ್ಕ ಪ್ರೋಗ್ರಾಂ ಇಟ್ಟುಕೊಂಡಿದ್ದರೆ ಎಕ್ಸ್‌ಎಫ್‌ಸಿಇಯ ನೋಟಿಫಿಕೇಶನ್ ಸೇವೆ ಬೇಡ. ಪ್ರೋಗ್ರಾಂಗಳು ಪರಸ್ಪರ ಮಾತಾಡೋ ಡಿ-ಬಸ್‌ನಲ್ಲಿ (D-Bus) ಇಬ್ಬರಿಗೂ ಒಂದೇ ಹೆಸರು ಬೇಕು, ಮೊದಲು ಬಂದವರದ್ದೇ ನಡೆಯೋದು ಅಲ್ವಾ.