ನಾಳೆ ರಜೆ ಇದೆಯಲ್ಲ, ಬಿಡಿ ಅನ್ನೋ ಮಾತು

ಮನೆಯಲ್ಲಿ ದೊಡ್ಡ ಸಮಾರಂಭ ಮುಗಿದ ಮರುದಿನವೇ ಸರ್ಕಾರಿ ರಜೆ ಬಿದ್ದರೆ ಎಲ್ಲರಿಗೂ ಖುಷಿ. ಸಂಜೆ ಹೊತ್ತಿಗೆ ನೋಡಿದರೆ ಅರ್ಧ ಮನೆ ಪಾತ್ರೆ ಉಜ್ಜಿ ಸುಸ್ತಾಗಿರುತ್ತೆ, ಉಳಿದರ್ಧ ಮಧ್ಯಾಹ್ನದವರೆಗೆ ಮಲಗೆದ್ದು ತಲೆಭಾರ ಅಂತ ಕೂತಿರುತ್ತೆ. ಈ ರಜೆ ಹಾಳಾಗೋದು ಹಿಂದಿನ ರಾತ್ರಿಯೇ, "ನಾಳೆ ರಜೆ ಇದೆಯಲ್ಲ, ಬಿಡಿ" ಅಂದ ಕ್ಷಣಕ್ಕೆ.

ರಾತ್ರಿ ಎರಡೇ ಕೆಲಸ: ಮಿಕ್ಕಿದ ಅಡುಗೆ ಎತ್ತಿಡೋದು, ಪಾತ್ರೆ ನೆನೆಹಾಕೋದು. ನಾಲ್ಕು ಕೈ ಸೇರಿದರೆ ಮುಕ್ಕಾಲು ಗಂಟೆಯ ಮಾತು.

ಬೇಯಿಸಿದ್ದು ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ತುರುಕಬೇಡಿ. ಮುಟ್ಟಿದರೆ ತಣ್ಣಗಿರುತ್ತೆ, ನಡುವೆ ಸೌಟು ಹಾಕಿ ನೋಡಿ, ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ, ಹಳಸೋದು ಅಲ್ಲಿಂದಲೇ. ಅಗಲವಾದ ಡಬ್ಬಿಗಳಲ್ಲಿ ಎರಡು ಇಂಚು ದಪ್ಪಕ್ಕೆ ಹರಡಿ, ಡಬ್ಬಿಗಳ ನಡುವೆ ಬೆರಳು ಹೋಗುವಷ್ಟು ಜಾಗ ಬಿಡಿ. ಒತ್ತೊತ್ತಾಗಿ ತುಂಬಿದ ಫ್ರಿಜ್ಜಿನಲ್ಲಿ ತಂಪು ಗಾಳಿ ಆಡಲ್ಲ. ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆ ಇರಬೇಕು.

ಅನ್ನದ ವಿಷಯದಲ್ಲಿ ಮಾತ್ರ ಯಾರ ಮುಲಾಜೂ ಬೇಡ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಕಗಳು ಅಕ್ಕಿಯಲ್ಲಿರುತ್ತವೆ. ರಾತ್ರಿಯಿಡೀ ಅನ್ನ ಹೊರಗಿದ್ದರೆ ಅವು ಬೆಳೆದು ವಿಷ ಬಿಡಬಹುದು, ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ವಾಸನೆ ಬಂದಿಲ್ಲ ಅನ್ನೋದು ಲೆಕ್ಕಕ್ಕಿಲ್ಲ. ಚೆಲ್ಲಿಬಿಡಿ.

ಇನ್ನು ಪಾತ್ರೆ. ಹಿಟ್ಟು, ಹಾಲು, ಮೊಟ್ಟೆ ಅಂಟಿದ್ದಕ್ಕೆ ತಣ್ಣೀರು. ಬಿಸಿನೀರು ಹಾಕಿದರೆ ಬೆಂದು ಇನ್ನೂ ಗಟ್ಟಿಯಾಗಿ ಕಚ್ಚಿಕೊಳ್ಳುತ್ತೆ. ಜಿಡ್ಡಿಗೆ ಬಿಸಿನೀರು, ಸೋಪು. ತಳ ಹಿಡಿದ ಸ್ಟೀಲ್ ಪಾತ್ರೆಗೆ ಎರಡು ಇಂಚು ನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಕುದಿಸಿ ಬಿಟ್ಟರೆ ಬೆಳಗ್ಗೆ ಮರದ ಸೌಟಿಗೇ ಸಿಪ್ಪೆಯ ಹಾಗೆ ಏಳುತ್ತೆ. ಅಲ್ಯೂಮಿನಿಯಂ ಪಾತ್ರೆಗೆ ಇದು ಬೇಡ, ಕಪ್ಪಾಗುತ್ತೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯೋರಿಗೆ ಏನು ಹೇಳೋದೋ ಗೊತ್ತಿಲ್ಲ. ಪೈಪಿನೊಳಗೆ ಜಿಡ್ಡು ಕಟ್ಟಿ, ನೆಂಟರು ಇರುವಾಗಲೇ ನೀರು ನಿಲ್ಲುತ್ತೆ.

ಇಷ್ಟಾದರೆ ಬೆಳಗ್ಗೆ ಉಳಿಯೋದು ತೊಳೆಯೋದಷ್ಟೇ. ಅದೂ ಒಬ್ಬರ ತಲೆಗೆ ಕಟ್ಟಬೇಡಿ. ಹಿಂದಿನ ದಿನ ಒಲೆ ಮುಂದೆ ನಿಂತವರಿಗೆ ಇವತ್ತು ಅಡುಗೆಮನೆ ಬಂದ್.

ನಿದ್ದೆ ಬಗ್ಗೆ ಜಗಳ ಬರುತ್ತೆ ಅಂತ ಗೊತ್ತು. ಆದರೂ ದಿನಾ ಏಳೋ ಹೊತ್ತಿಗಿಂತ ಒಂದು ಗಂಟೆ ತಡವಾಗಿ ಎದ್ದರೆ ಸಾಕು. ಬಾಕಿ ನಿದ್ದೆಯನ್ನು ಮಧ್ಯಾಹ್ನ ಮೂರರೊಳಗೆ ಇಪ್ಪತ್ತು ನಿಮಿಷ ಅಲಾರಂ ಇಟ್ಟು ತೀರಿಸಿ. ಮುಕ್ಕಾಲು ಗಂಟೆ ಮಲಗಿದರೆ ಗಾಢ ನಿದ್ದೆಯ ನಡುವೆ ಎದ್ದು ಮಂಕು ಕವಿಯುತ್ತೆ.

ಊಟ, ಮಿಕ್ಕಿದ್ದರಲ್ಲೇ. ತಿನ್ನುವಷ್ಟನ್ನು ಮಾತ್ರ ತೆಗೆದು, ಹಬೆಯಾಡುವ ತನಕ ಬಿಸಿ ಮಾಡಿ. ಇಡೀ ಡಬ್ಬಿಯನ್ನು ಮತ್ತೆ ಮತ್ತೆ ಕಾಯಿಸೋದು ಬೇಡ. ಊಟವಾದ ಮೇಲೆ ಹದಿನೈದು ನಿಮಿಷ ಬರಿಗೈಯಲ್ಲಿ ನಡೆದು ಬನ್ನಿ, ರಕ್ತದ ಸಕ್ಕರೆ ಒಮ್ಮೆಲೇ ಏರೋದು ತಗ್ಗುತ್ತೆ. ದೂರದ ಪ್ರವಾಸ ಮಾತ್ರ ಇವತ್ತು ಬೇಡವೇ ಬೇಡ, ರಸ್ತೆಯಲ್ಲಿ ರಜೆ ಸಿಕ್ಕಿದವರೆಲ್ಲ ಇರ್ತಾರೆ.

ಸಂಜೆಗೆ ಒಂದು ಕೂತು ಮಾಡೋ ಕೆಲಸ: ಫೋಟೋ. ವಾಟ್ಸಾಪ್‌ನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗುತ್ತೆ, ಮುದ್ರಿಸಬೇಕೆಂದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಕಣ್ಣು ಮುಚ್ಚಿದ್ದು, ಅಲುಗಿದ್ದು, ಒಂದೇ ಭಂಗಿಯ ಎಂಟು ಪ್ರತಿ ಎಲ್ಲ ಇವತ್ತೇ ಅಳಿಸಿ. ಹೆಸರು ಗೊತ್ತಿಲ್ಲದ ಮುಖ ಬಂದರೆ ಮನೆಯ ಹಿರಿಯರಿಗೆ ತೋರಿಸಿ ಕೇಳಿ ಬರೆದಿಡಿ, ನೆಂಟರು ಊರಿಗೆ ಹೊರಡೋ ಮುಂಚೆ.