ಸಹಪಾಠಿ ಕೊಟ್ಟ ಅಂಕ ಅಂಕಪಟ್ಟಿಗೆ ಸೇರಬೇಕೇ?

ಪರ: ನಿಜ ಗೊತ್ತಿರುವವರನ್ನೇ ಕೇಳಿ

ಇಂಜಿನಿಯರಿಂಗ್ ತರಗತಿಯ ನಾಲ್ವರು ಪ್ರಾಜೆಕ್ಟ್ ಮುಗಿಸಿ ರಿಪೋರ್ಟ್ ತಂದು ಮೇಜಿನ ಮೇಲಿಡುತ್ತಾರೆ. ಹೆಸರು ನಾಲ್ಕು, ಅಂಕ ಒಂದೇ. ನಿದ್ದೆಗೆಟ್ಟು ಸರ್ಕ್ಯೂಟ್ ಸರಿಪಡಿಸಿದವರು ಯಾರು, ರಿಪೋರ್ಟಿಗೆ ಬೈಂಡಿಂಗ್ ಮಾಡಿಸಿದ್ದಷ್ಟೇ ಯಾರ ಕೆಲಸ ಎಂಬುದು ಅಧ್ಯಾಪಕರಿಗೆ ಗೊತ್ತಾಗುವುದು ಹೇಗೆ? ಹತ್ತು ನಿಮಿಷದ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮಾತು ಬಲ್ಲವರು ಗೆಲ್ಲುತ್ತಾರೆ. ನಿಜ ಗೊತ್ತಿರುವುದು ತಂಡದವರಿಗೆ, ನಾವು ಕೇಳದೇ ಇರುವುದೂ ಅವರನ್ನೇ.

ಫ್ರಾನ್ಸಿನ ಕೃಷಿ ಇಂಜಿನಿಯರ್ ರಿಂಗೆಲ್‌ಮನ್ 1913ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಹಗ್ಗ ಎಳೆಯುವವರು ಹೆಚ್ಚಾದಂತೆ ತಲಾ ಎಳೆತ ಕಡಿಮೆಯಾಗಿತ್ತು. ಜೊತೆಗೆ ಎಳೆಯುವಾಗ ಲಯ ತಪ್ಪುವುದೂ ಅದಕ್ಕೊಂದು ಕಾರಣ, ಒಪ್ಪುತ್ತೇನೆ. ಆದರೆ ಯಾರು ಎಷ್ಟು ಎಳೆದರೆಂದು ಕಾಣದಿದ್ದಾಗ ಕೈ ಸಡಿಲವಾಗುವುದೂ ಅಷ್ಟೇ ನಿಜ.

ಬ್ರಿಟನ್ನಿನ ಲಫ್‌ಬರೊ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ವೆಬ್‌ಪಿಎ ತಂತ್ರಾಂಶ ಇದಕ್ಕೊಂದು ಸರಳ ಲೆಕ್ಕ ಹಾಕಿಕೊಟ್ಟಿದೆ. ತಂಡದ ಪ್ರತಿಯೊಬ್ಬರೂ ಉಳಿದವರಿಗೆಲ್ಲ ಅಂಕ ಕೊಡುತ್ತಾರೆ. ಒಬ್ಬರ ಕೈ ಧಾರಾಳ, ಇನ್ನೊಬ್ಬರದು ಬಿಗಿ ಇರಬಹುದು. ಆದ್ದರಿಂದ ಒಬ್ಬೊಬ್ಬರು ಕೊಟ್ಟ ಮೊತ್ತವನ್ನೂ 1ಕ್ಕೆ ಸಮಗೊಳಿಸುತ್ತಾರೆ. ಹೀಗೆ ಎಲ್ಲರಿಂದ ಒಬ್ಬರಿಗೆ ಸಿಕ್ಕ ಪಾಲುಗಳ ಮೊತ್ತವೇ ಅವರ ಗುಣಕ, ಅಂದರೆ ತಂಡದ ಅಂಕವನ್ನು ಗುಣಿಸುವ ಸಂಖ್ಯೆ. ಸಮಪಾಲು ದುಡಿದವರಿಗೆ ಅದು 1. ಅಧ್ಯಾಪಕರು ತಂಡಕ್ಕೆ 70 ಕೊಟ್ಟು, ಅದರಲ್ಲಿ ಅರ್ಧಕ್ಕೆ ಮಾತ್ರ ಗುಣಕ ಅನ್ವಯಿಸಿದರೆ, 1.2 ಪಡೆದವರಿಗೆ 77, 0.8 ಪಡೆದವರಿಗೆ 63 ಸಿಗುತ್ತದೆ. ಯಾರ ಬದುಕೂ ಮುಳುಗುವುದಿಲ್ಲ, ದುಡಿದವರ ದುಡಿಮೆ ಲೆಕ್ಕಕ್ಕೆ ಬರುತ್ತದೆ.

ವಿದ್ಯಾರ್ಥಿಗಳ ತೀರ್ಪನ್ನು ನಂಬಬಹುದೇ? ಸಂಶೋಧಕರಾದ ಫಾಲ್ಚಿಕಾವ್ ಮತ್ತು ಗೋಲ್ಡ್‌ಫಿಂಚ್ 2000ದಲ್ಲಿ 48 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಹಪಾಠಿಗಳು ಕೊಟ್ಟ ಅಂಕಕ್ಕೂ ಅಧ್ಯಾಪಕರು ಕೊಟ್ಟ ಅಂಕಕ್ಕೂ ಸರಾಸರಿ 0.69ರಷ್ಟು ಸಹಸಂಬಂಧ (ಪೂರ್ತಿ ಹೊಂದಿದರೆ 1, ಸಂಬಂಧವೇ ಇಲ್ಲದಿದ್ದರೆ 0) ಕಂಡುಬಂದಿತ್ತು. ಮಾನದಂಡಗಳನ್ನು ಚೆನ್ನಾಗಿ ಅರ್ಥ ಮಾಡಿಕೊಂಡು, ಇಡೀ ಕೆಲಸಕ್ಕೆ ಒಟ್ಟಾರೆ ತೀರ್ಪು ಕೊಟ್ಟ ಕಡೆ ಹೊಂದಿಕೆ ಇನ್ನೂ ಚೆನ್ನಾಗಿತ್ತು.

ಅಂಕಕ್ಕಿಂತ ದೊಡ್ಡ ಮಾತೊಂದಿದೆ. 1981ರ ಜುಲೈನಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನಲ್ಲಿ ತೂಗುಹಾದಿಗಳು (ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುಬಿಟ್ಟ ಕಾಲುಸೇತುವೆಗಳು) ಕುಸಿದು 114 ಜನ ಸತ್ತರು. ಮೊದಲ ನಕ್ಷೆಯಲ್ಲಿ ಒಂದರ ಕೆಳಗೊಂದಿದ್ದ ಎರಡು ಹಾದಿಗಳನ್ನೂ ಹೊತ್ತಿದ್ದು ಮೇಲಿಂದ ಕೆಳಗಿನವರೆಗೆ ತುಂಡಿಲ್ಲದ ಉದ್ದನೆಯ ಸರಳುಗಳು. ಪ್ರತಿ ಸರಳನ್ನೂ ಎರಡಾಗಿ ತುಂಡರಿಸಿದಾಗ ಮೇಲಿನ ಜೋಡಣೆಯ ಮೇಲೆ ಭಾರ ಇಮ್ಮಡಿಯಾಯಿತು. ಬದಲಾವಣೆಗೆ ಒಪ್ಪಿಗೆ ಸಿಕ್ಕಿತು. ಕೂತು ಲೆಕ್ಕ ಹಾಕಿದವರಿಲ್ಲ. ಇನ್ನೊಬ್ಬರ ಕೆಲಸವನ್ನು ನೋಡಿ, ತೂಗಿ, ಆ ತೀರ್ಪಿಗೆ ತಾನೇ ಹೊಣೆ ಹೊರುವುದನ್ನು ಕಾಲೇಜಿನಲ್ಲಿ ಕಲಿಸದೆ ಇನ್ನೆಲ್ಲಿ ಕಲಿಸುತ್ತೀರಿ? ಅಂಕಪಟ್ಟಿಗೆ ಸೇರದ ತೀರ್ಪನ್ನು ವಿದ್ಯಾರ್ಥಿಗಳು ಕಾಟಾಚಾರಕ್ಕೆ ಬರೆದು ಕೈತೊಳೆದುಕೊಳ್ಳುತ್ತಾರೆ.

ವಿರೋಧ: ತಪ್ಪು ಹುಡುಕುವುದು ಬೇರೆ, ಅಂಕ ಹಾಕುವುದು ಬೇರೆ

ಕಾನ್ಸಾಸ್ ಸಿಟಿಯ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಅಲ್ಲಿ ಬೇಕಿದ್ದದ್ದು ‘ಈ ಜೋಡಣೆ ಭಾರ ತಡೆಯದು’ ಎಂಬ ಒಂದು ಮಾತು. ಆ ನಕ್ಷೆಗೆ ಹತ್ತಕ್ಕೆ ಆರು ಅಂಕ ಕೊಟ್ಟಿದ್ದರೆ ಯಾರ ಜೀವ ಉಳಿಯುತ್ತಿತ್ತು? ಒಬ್ಬರ ಕೆಲಸವನ್ನು ಇನ್ನೊಬ್ಬರು ಪರಿಶೀಲಿಸಲಿ, ಬರೆದು ಹೇಳಲಿ, ವಾದ ಮಾಡಲಿ. ಇದನ್ನು ನಾನು ಮನಸಾರೆ ಬಯಸುತ್ತೇನೆ. ಅಂಕ ಒಳಗೆ ಕಾಲಿಟ್ಟ ಕೂಡಲೇ ಆ ಮಾತು ಕೆಡುತ್ತದೆ ಎಂಬುದು ನನ್ನ ಆತಂಕ.

ವೆಬ್‌ಪಿಎ ಲೆಕ್ಕವನ್ನು ಇನ್ನೊಮ್ಮೆ ನೋಡಿ. ನಾಲ್ವರೂ ಅಂಕ ಕೊಟ್ಟಾಗ ನಾಲ್ವರ ಗುಣಕಗಳ ಮೊತ್ತ ಯಾವಾಗಲೂ 4. ಒಬ್ಬರು ಮೇಲೇರಬೇಕಾದರೆ ಇನ್ನೊಬ್ಬರು ಇಳಿಯಲೇಬೇಕು. ಬೆಸುಗೆ ಹಾಕಲು ಬಾರದ ಗೆಳತಿಗೆ ಒಂದು ಸಂಜೆ ಕೂತು ಕಲಿಸಿದರೆ ಅವಳ ಪಾಲು ಬೆಳೆಯುತ್ತದೆ, ಕಲಿಸಿದವಳದು ಕರಗಬಹುದು. ತಂಡವಾಗಿ ದುಡಿಯುವುದನ್ನು ಕಲಿಸಲು ಹೊರಟ ವಿಧಾನದೊಳಗೇ ಈ ಪೈಪೋಟಿ ಕೂತಿದೆ.

ಇದಕ್ಕಿಂತ ನನ್ನನ್ನು ಕಾಡುವುದು ತಪ್ಪು ಒಪ್ಪಿಕೊಳ್ಳುವ ವಿಷಯ. ‘ಯೂನಿಟ್ ಬದಲಿಸುವಾಗ ನಾನು ಎಡವಿದೆ, ಎಲ್ಲ ಲೆಕ್ಕ ಮತ್ತೆ ಮಾಡಬೇಕು’ ಎಂದು ಗಡುವಿನ ಹಿಂದಿನ ರಾತ್ರಿ ಬಾಯಿಬಿಡುವ ಧೈರ್ಯ ಇಂಜಿನಿಯರಿಗೆ ಎಲ್ಲಕ್ಕಿಂತ ಮೊದಲು ಬೇಕಾದದ್ದು. ಎದುರು ಕೂತವರು ನಾಳೆ ತನಗೆ ಅಂಕ ಹಾಕುವವರಾದರೆ ಎಷ್ಟು ಮಂದಿ ಬಾಯಿಬಿಡುತ್ತಾರೆ?

0.69ರ ಮಾತಿಗೂ ಒಂದು ಮಿತಿ ಇದೆ. ಅಂಥ ಹೋಲಿಕೆಗೆ ಅಧ್ಯಾಪಕರೂ ಅದೇ ಕೆಲಸವನ್ನು ನೋಡಿ ಅಂಕ ಕೊಟ್ಟಿರಬೇಕು. ತಂಡದೊಳಗಿನ ದುಡಿಮೆ ಅಧ್ಯಾಪಕರಿಗೆ ಕಾಣುವುದಿಲ್ಲ ಎಂದಲ್ಲವೇ ಈ ಚರ್ಚೆ ಶುರುವಾಗಿದ್ದು? ಕಾಣದ ಕಡೆ ಆ ಅಂಕಿಯ ಆಸರೆ ಸಿಗುವುದಿಲ್ಲ. ಸಿಗುವ ಕಡೆಯೂ 0.69 ಎಂದರೆ (ಅದರ ವರ್ಗ ಸುಮಾರು 0.48) ಅಂಕಗಳ ಏರಿಳಿತದಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಾತ್ರ ತಾಳೆಯಾಗುತ್ತದೆ.

ಇನ್ನು ಒಳಒಪ್ಪಂದ. ಎಲ್ಲರೂ ಎಲ್ಲರಿಗೂ ಒಂದೇ ಅಂಕ ಕೊಟ್ಟರೆ ಗುಣಕ 1ಕ್ಕೇ ನಿಲ್ಲುತ್ತದೆ, ಮೈಗಳ್ಳರು ಆರಾಮ. ಮೂವರು ಗೆಳೆಯರ ನಡುವೆ ಸಿಕ್ಕಿಬಿದ್ದ ನಾಲ್ಕನೆಯವರು, ಮಾತು ಕಡಿಮೆ ಆಡುವವರು, ಗುಂಪಿನ ಭಾಷೆ ಸರಿಯಾಗಿ ಬಾರದವರು ದುಡಿದೂ ಕೆಳಗಿಳಿಯಬಹುದು. ಅವರು ಹೋಗಿ ದೂರುವುದಾದರೂ ಯಾರ ಬಳಿ? ಅಂಕ ಕೊಟ್ಟವರ ಹೆಸರೇ ಗುಟ್ಟು.

ದುಡಿಮೆಯ ಗುರುತು ಬೇರೆ ಕಡೆಯೂ ಸಿಗುತ್ತದೆ. ಕೋಡ್‌ನ ಹಳೆಯ ಆವೃತ್ತಿಗಳಲ್ಲಿ ಯಾವ ಸಾಲು ಯಾರದೆಂದು ದಾಖಲಾಗಿರುತ್ತದೆ. ದಿನಾಂಕ ಹಾಕಿದ ಲ್ಯಾಬ್ ನೋಟ್‌ಬುಕ್ ಇರುತ್ತದೆ. ಇವೆರಡನ್ನೂ ಮುಂದಿಟ್ಟುಕೊಂಡು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರೆ ಬೈಂಡಿಂಗ್ ಮಾಡಿಸಿದವರು ಯಾರೆಂದು ಕಾಲು ಗಂಟೆಯಲ್ಲಿ ತಿಳಿಯುತ್ತದೆ. 60 ವಿದ್ಯಾರ್ಥಿಗಳಿಗೆ ಅದು 15 ಗಂಟೆಯ ಕೆಲಸ. ಅಷ್ಟು ಹೊತ್ತನ್ನು ವಿಭಾಗ ವೇಳಾಪಟ್ಟಿಯಲ್ಲೇ ಮೀಸಲಿಡಲಿ. ಸಹಪಾಠಿಗಳು ಬರೆದ ಟಿಪ್ಪಣಿಗಳು ಆ ಮೇಜಿನ ಮೇಲೆ ಇರಲಿ, ಅಂಕವಿಲ್ಲದೆ, ಬರೆದವರ ಹೆಸರಿನೊಂದಿಗೆ.