ಬುಲ್‌ಡಾಗ್ ಮರಿ ಮಾಡಿಸ್ತೀರಾ? ಮೊದಲು ಈ ಲೆಕ್ಕ ಕೇಳಿ

ಈ ತಿಂಗಳು ಇದು ಮೂರನೇ ಫೋನು. "ಅಣ್ಣಾ, ನಮ್ಮಲ್ಲೂ ಒಂದು ಹೆಣ್ಣು ಬುಲ್‌ಡಾಗ್ ಉಂಟು. ಒಂದು ಸಲ ಮರಿ ಮಾಡಿಸಿದರೆ ಹೇಗೆ? ಒಳ್ಳೆ ರೇಟ್ ಉಂಟಂತಲ್ಲಾ?" ಮೂವರಿಗೂ ಹೇಳಿ ಹೇಳಿ ಗಂಟಲು ಒಣಗಿತು. ಹಾಗಾಗಿ ಇಲ್ಲೇ ಬರೆದುಬಿಡುತ್ತೇನೆ. ಉದ್ದ ಆಗುತ್ತದೆ, ಪುರುಸೊತ್ತು ಇದ್ದವರು ಓದಿ.

ನಾನು ಡಾಕ್ಟರ್ ಅಲ್ಲ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡು ಇರುವವನು. ನಮ್ಮ ಲಡ್ಡು ಎರಡು ಸಲ ಮರಿ ಹಾಕಿದ್ದಾಳೆ, ಎರಡೂ ಸಲ ಆಪರೇಷನ್ ಆಗಿಯೇ. ಊರ ನಾಯಿ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಆರು ಮರಿ ಹಾಕಿ ಬೆಳಗ್ಗೆ ಅನ್ನಕ್ಕೆ ಬಂದು ನಿಲ್ಲುತ್ತದಲ್ವಾ, ಬುಲ್‌ಡಾಗ್ ಹಾಗಲ್ಲ. ಮರಿಯ ತಲೆ ದೊಡ್ಡದು, ಭುಜ ಅಗಲ, ತಾಯಿಯ ಸೊಂಟದ ದಾರಿ ಇಕ್ಕಟ್ಟು. ಬ್ರಿಟನ್ನಿನಲ್ಲಿ ಮಾಡಿದ ಒಂದು ಸಮೀಕ್ಷೆ 2010ರಲ್ಲಿ ಪ್ರಕಟವಾಗಿತ್ತು. ಅದರಲ್ಲಿ ಬುಲ್‌ಡಾಗ್ ಹೆರಿಗೆಗಳ ಪೈಕಿ ನೂರಕ್ಕೆ 86 ಸಿಸೇರಿಯನ್. ಹೋರಿಯ ಜೊತೆ ಕಾದಾಡಲಿಕ್ಕೆ ಸಾಕಿದ್ದ ಜಾತಿ ಇದು, ಇಂಗ್ಲೆಂಡಿನಲ್ಲಿ 1835ರಲ್ಲಿ ಆ ಆಟಕ್ಕೆ ಕಾನೂನು ತಡೆ ಹಾಕಿತು. ಆಮೇಲೆ ಚಂದ ಕಾಣಲಿ ಅಂತ ಮೂಗು ಒಳಗೆ ಹೋಗುವ ಹಾಗೆ, ತಲೆ ಉಬ್ಬುವ ಹಾಗೆ ಮಾಡಿದ್ದು ಮನುಷ್ಯರೇ. ಅದಕ್ಕೆ ಬೆಲೆ ಕೊಡುವುದು ಮಾತ್ರ ಹೆಣ್ಣು ನಾಯಿ.

ಹಾಗಾಗಿ ಮೊದಲ ಪ್ರಶ್ನೆ ರೇಟಿನದ್ದಲ್ಲ. ರಾತ್ರಿ ಎರಡು ಗಂಟೆಗೆ ಹೊಟ್ಟೆ ಕೊಯ್ಯುವ ಡಾಕ್ಟರ್ ನಿಮಗೆ ಎಷ್ಟು ದೂರದಲ್ಲಿ ಸಿಗುತ್ತಾರೆ? ನಮಗೆ ಮಂಗಳೂರು. ಅದೂ ಕೇರಳ-ಕರ್ನಾಟಕ ಗಡಿಯ ತಲಪಾಡಿ ದಾಟಿ. ಮಾರ್ಚ್ 2020ರಲ್ಲಿ ಕೊರೊನಾ ಅಂತ ಗಡಿಗೆ ಮಣ್ಣು ಸುರಿದಾಗ ಮನುಷ್ಯರ ಆಂಬುಲೆನ್ಸ್‌ಗೇ ದಾರಿ ಇರಲಿಲ್ಲ, ನಾಯಿಯನ್ನು ಕೇಳುವವರು ಯಾರು?

ಮೊದಲ ಸಲ ತಪ್ಪು ನನ್ನದೇ. ಗಂಡಿನ ಜೊತೆ ಬಿಟ್ಟ ದಿನದಿಂದ ಕ್ಯಾಲೆಂಡರ್ ಲೆಕ್ಕ ಹಾಕಿ ಕೂತಿದ್ದೆ. ಆ ಲೆಕ್ಕ ಒಂದು ವಾರ ಆಚೆ ಈಚೆ ಆಗುತ್ತದೆ. ರಕ್ತದಲ್ಲಿ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನಿನ ಪರೀಕ್ಷೆ ಮಾಡಿಸಿ ಅಂಡ ಬಿಟ್ಟ ದಿನ ತಿಳಿದುಕೊಂಡರೆ ಅಲ್ಲಿಂದ 63 ದಿನ, ಹೆಚ್ಚೆಂದರೆ ಒಂದೆರಡು ದಿನ ಹಿಂದೆ ಮುಂದೆ. ಕೊನೆಯ ವಾರ ದಿನಕ್ಕೆ ಎರಡು ಸಲ ಜ್ವರ ನೋಡಬೇಕು. 101ರ ಆಸುಪಾಸಿನಲ್ಲಿ ಇದ್ದದ್ದು 99 ಡಿಗ್ರಿಗಿಂತ ಕೆಳಗೆ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ನಾನು ನೋಡಲಿಲ್ಲ. ಹಸಿರು ನೀರು ಹೋಗುವುದು ಕಂಡ ಮೇಲೆ ಕಾರು ತೆಗೆದೆ. ನಾಲ್ಕು ಮರಿಯಲ್ಲಿ ಒಂದು ಉಸಿರೇ ಎಳೆಯಲಿಲ್ಲ. ಟವೆಲಿನಲ್ಲಿ ಉಜ್ಜಿ ಉಜ್ಜಿ ಆಸ್ಪತ್ರೆಯಲ್ಲಿದ್ದ ಹುಡುಗಿಯ ಕೈ ಕೆಂಪಾಗಿತ್ತು.

ಸರಿ, ಮರಿ ಮನೆಗೆ ಬಂತು. ಇನ್ನು ನಿದ್ದೆ ಇಲ್ಲ.

ನಮ್ಮ ಕರಾವಳಿಯಲ್ಲಿ ಒಂದು ವಿಚಿತ್ರ ಸಂಕಟ ಉಂಟು. ಮೊದಲ ವಾರ ಮರಿಗಳಿಗೆ ತಮ್ಮ ಮೈ ಬಿಸಿ ಕಾಪಾಡಿಕೊಳ್ಳಲು ಬರುವುದಿಲ್ಲ, ಅವುಗಳ ಸುತ್ತ ಸುಮಾರು 30 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು. ತಾಯಿಗೆ ಅದೇ ಸೆಕೆಯಲ್ಲಿ ಉಸಿರು ಕಟ್ಟುತ್ತದೆ. ಒಂದೇ ಕೋಣೆಯಲ್ಲಿ ಒಂದಕ್ಕೆ ಬಲ್ಬ್, ಇನ್ನೊಂದಕ್ಕೆ ಫ್ಯಾನ್. ಎರಡನೇ ಸಲ ನಾವು ಮಾಡಿದ್ದು ಹೀಗೆ: ಮರಿಗಳು ಚಾವಡಿಯ ಮೂಲೆಯಲ್ಲಿ ಬಾಕ್ಸಿನಲ್ಲಿ, ಲಡ್ಡು ಪಕ್ಕದ ಕೋಣೆಯ ತಣ್ಣನೆ ನೆಲದಲ್ಲಿ. ಎರಡು ಗಂಟೆಗೊಮ್ಮೆ ಅವಳನ್ನು ಕರೆತಂದು ಮಲಗಿಸಿ, ಮರಿಗಳನ್ನು ಒಂದೊಂದಾಗಿ ಮೊಲೆಗೆ ಹಿಡಿಯಬೇಕು. ಆಪರೇಷನ್ ಆದವಳಿಗೆ ಇವು ತನ್ನ ಮರಿಗಳು ಅಂತ ಗೊತ್ತಾಗಲೇ ಒಂದು ದಿನ ಬೇಕಾಯ್ತು, ಮೊದಮೊದಲು ಗುರ್ ಅನ್ನುತ್ತಿದ್ದಳು. ಗೊತ್ತಾದ ಮೇಲೆ ಪ್ರೀತಿ ಜಾಸ್ತಿಯಾಗಿ ಮರಿಗಳ ಮೇಲೆಯೇ ಕೂರುವುದು! ಅದಕ್ಕೆ ಬಾಕ್ಸಿನ ಒಳಗೆ ಸುತ್ತಲೂ ಅಡಿಕೆ ಮರ ಸೀಳಿದ ಸಲಾಕೆ ಹೊಡೆದಿದ್ದೆ, ಗೋಡೆಯಿಂದ ಒಂದು ಗೇಣು ಬಿಟ್ಟು. ಅವಳು ಒರಗಿದರೂ ಮರಿ ಆ ಸಂದಿನಲ್ಲಿ ಉಳಿಯುತ್ತದೆ. ಕರಿಮೆಣಸು ತೂಗುವ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಬೆಳಗ್ಗೆ ಮರಿಗಳ ತೂಕ. ಒಂದು ದಿನ ತೂಕ ಏರದಿದ್ದರೆ ಎದೆ ಡವಡವ. ಮಳೆಗಾಲದ ಕರೆಂಟು ನಿಮಗೆ ಗೊತ್ತೇ ಉಂಟು, ಬಲ್ಬ್ ಆರಿದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡುವುದು. ಅಮ್ಮ ಮೂರನೇ ರಾತ್ರಿ ಎದ್ದು ಬಂದು ನೋಡಿ, "ನಿನ್ನನ್ನು ಹೆತ್ತಾಗ ನನಗೆ ಇಷ್ಟು ಆರೈಕೆ ಯಾರೂ ಮಾಡಿರಲಿಲ್ಲ ಮಗಾ" ಅಂದರು. ನಗಾಡಿದರು, ಆದರೆ ಬಾಟಲಿಗೆ ನೀರು ಕಾಯಿಸಿಕೊಟ್ಟದ್ದೂ ಅವರೇ.

ಬಾಟಲಿ ಹಾಲು ಕೊಡುವವರು ಒಂದು ನೆನಪಿಡಿ, ಮಗುವಿನ ಹಾಗೆ ಅಂಗಾತ ಮಲಗಿಸಿ ಕುಡಿಸಬೇಡಿ. ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಹುಟ್ಟಿದ ಕೂಡಲೇ ಬಾಯಿ ತೆರೆದು ಅಂಗುಳ ಸೀಳಿದೆಯಾ ನೋಡಿ, ಈ ಜಾತಿಯಲ್ಲಿ ಅದು ಕಾಣಸಿಗುತ್ತದೆ.

ಯಾವ ನಾಯಿಯಿಂದ ಮರಿ ಮಾಡಿಸಬಾರದು ಅನ್ನುವುದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಗೊರಕೆ ಹೊಡೆಯುತ್ತದೆ ಅಂತ ವಿಡಿಯೊ ಹಾಕಿ ನಗಾಡುತ್ತಾರಲ್ಲ, ಬಹಳ ಸಲ ಅದು ಉಸಿರಿನ ದಾರಿ ಇಕ್ಕಟ್ಟಾದ ಶಬ್ದ. ಮೂಗಿನ ಹೊಳ್ಳೆ ಗೆರೆಯ ಹಾಗೆ ಮುಚ್ಚಿಕೊಂಡಿದ್ದರೆ ಬೇಡ. ತಂಪು ಹೊತ್ತಿನಲ್ಲಿ ತೋಟದ ತುದಿಗೆ ನಡೆದು ಬಂದು ಹತ್ತು ನಿಮಿಷ ಆದರೂ ಉಸಿರು ಸರಿಯಾಗದಿದ್ದರೆ ಬೇಡ. ಬಣ್ಣ ಅಪರೂಪ, ಸುಕ್ಕು ಜಾಸ್ತಿ ಅಂತ ಆರಿಸುವುದಂತೂ ಬೇಡವೇ ಬೇಡ. ನಾರ್ವೆಯಲ್ಲಿ 2022ರ ಜನವರಿಯಲ್ಲಿ ಒಂದು ಕೋರ್ಟ್ ಬುಲ್‌ಡಾಗ್ ಮರಿ ಮಾಡಿಸುವುದನ್ನೇ ನಿಷೇಧಿಸಿತ್ತು, ಮೇಲಿನ ಕೋರ್ಟ್ ಅದೇ ವರ್ಷ ಬುಲ್‌ಡಾಗ್ ಮಟ್ಟಿಗೆ ಅದನ್ನು ರದ್ದು ಮಾಡಿತು. ಅಷ್ಟು ದೂರ ಹೋಗಬೇಕು ಅಂತ ನಾನು ಹೇಳುವುದಿಲ್ಲ. ಆದರೆ ಅವರು ಸುಮ್ನೆ ಹೋದದ್ದಲ್ಲ.

ನಮ್ಮಲ್ಲೂ 2017ರ ಕೇಂದ್ರ ನಿಯಮ ಉಂಟು. ಮಾರುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು, ಹೆಣ್ಣಿಗೆ 18 ತಿಂಗಳು ಆಗಿರಬೇಕು, ವರ್ಷಕ್ಕೆ ಒಂದಕ್ಕಿಂತ ಜಾಸ್ತಿ ಹೆರಿಗೆ ಇಲ್ಲ, ಎಂಟು ವಾರ ಆಗದ ಮರಿ ಮಾರುವಂತಿಲ್ಲ. "ಮನೆಯಲ್ಲಿ ಒಂದೇ ನಾಯಿ, ನಮಗೆಂತ ಲೈಸೆನ್ಸ್" ಅನ್ನುವವರೇ ಜಾಸ್ತಿ. ನಾನೂ ಮೊದಲು ಹಾಗೇ ಅಂದವನು.

ಅಷ್ಟಾದರೂ ಮನೆಯಲ್ಲಿ ಒಂದೇ ನಾಯಿ ಇಟ್ಟು ಮರಿ ಮಾಡುವುದು ತಪ್ಪು ಅಂತ ನನಗೆ ಅನಿಸುವುದಿಲ್ಲ. ಗೂಡಿನಲ್ಲಿ ಸಾಲಾಗಿ ಹೆಣ್ಣುಗಳನ್ನು ಕೂಡಿಹಾಕಿ ಬೆದೆಗೆ ಬಂದಾಗೆಲ್ಲ ಮರಿ ತೆಗೆಯುವವರಿಗಿಂತ, ತಾಯಿಯ ಮುಖ ತೋರಿಸಿ ಮರಿ ಕೊಡುವ ಮನೆ ಸಾವಿರ ಪಾಲು ಮೇಲು. ಮರಿ ಕೇಳಿಕೊಂಡು ಬಂದವರ ಹತ್ತಿರ ಬೇಸಗೆಯಲ್ಲಿ ಎಲ್ಲಿ ಮಲಗಿಸುತ್ತೀರಿ ಅಂತ ಕೇಳಿದ್ದಕ್ಕೆ ಒಬ್ಬರು ಸಿಟ್ಟಾಗಿ ಹೋದರು. ಗಲ್ಫಿನಿಂದ ಬಂದವರೊಬ್ಬರು ಗೃಹಪ್ರವೇಶದ ದಿನಕ್ಕೇ ಮರಿ ಬೇಕು ಅಂದರು, ಆಗ ಅದಕ್ಕೆ ಐದು ವಾರ. ಕೊಡಲಿಲ್ಲ. ಲಾಭ ಎಷ್ಟು ಅಂತ ಕೇಳುವವರಿಗೆ: ಪರೀಕ್ಷೆ, ಸ್ಕ್ಯಾನ್, ಆಪರೇಷನ್, ಇಂಜೆಕ್ಷನ್, ಮಂಗಳೂರಿಗೆ ಓಡಾಟ ಎಲ್ಲ ಕಳೆದು ಮೊದಲ ಸಲ ಕೈಯಿಂದಲೇ ಹೋಯಿತು. ಎರಡನೇ ಸಲ ಪಂಪ್‌ಸೆಟ್ ರಿಪೇರಿಗೆ ಆಗುವಷ್ಟು ಉಳಿಯಿತು.

ಲಡ್ಡುಗೆ ಈಗ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿದ್ದೇನೆ. ಕುಂಬಳೆಯಿಂದ ಫೋನ್ ಮಾಡಿದವರು ಎಲ್ಲ ಕೇಳಿಸಿಕೊಂಡು, ಕೊನೆಗೆ ಮೆಲ್ಲ ಹೇಳಿದರು, ಅವರ ನಾಯಿಗೆ ಆಗಲೇ ಗರ್ಭ ನಿಂತಿದೆಯಂತೆ, ಏಪ್ರಿಲ್ ಕೊನೆಗೆ ದಿನ. ಏಪ್ರಿಲ್ ಕೊನೆಗೆ! ಬೈಯಲಿಕ್ಕೂ ಬಾಯಿ ಬರಲಿಲ್ಲ. ಮಂಗಳೂರಿನ ಡಾಕ್ಟರ್ ನಂಬರ್ ಕೊಟ್ಟೆ. ಬಾಕ್ಸ್ ಒಯ್ಯಲು ನಾಳೆ ಬರುತ್ತಾರೆ. ಒಂದು ಬದಿಯ ಸಲಾಕೆ ಸಡಿಲ ಆಗಿದೆ, ಇವತ್ತು ಮೊಳೆ ಹೊಡೆಯಬೇಕು.